ಪರಶುರಾಮನ ಕೊಡಲಿಯಿಂದ ಕಲೆಕ್ಟರನ ಕಡತದವರೆಗೆ: ಕರಾವಳಿ ಚರಿತ್ರೆಯ ಬರವಣಿಗೆ ಕುರಿತು

ಪರಶುರಾಮ ಕೊಡಲಿ ಒಗೆದ, ಕಡಲು ಹಿಂದೆ ಸರಿಯಿತು, ಎದ್ದು ಬಂದ ನೆಲವನ್ನು ಬ್ರಾಹ್ಮಣರಿಗೆ ದಾನ ಕೊಟ್ಟ. ಈ ಕಥೆ ಕರಾವಳಿಯ ಶಾಲೆ ಹುಡುಗರಿಗಷ್ಟೇ ಅಲ್ಲ, ಘಟ್ಟದ ಮೇಲಿನ ನಮ್ಮ ಹುಡುಗರಿಗೂ ಗೊತ್ತು. ಕಥೆಯಾಗಿ ಕೇಳಿದರೆ ಚೆಂದ ಇದೆ, ಬೇಡ ಅನ್ನುವುದಿಲ್ಲ. ಆದರೆ ಅದರ ಹೊಟ್ಟೆಯೊಳಗೆ ಒಂದು ದಾನಪತ್ರ ಅಡಗಿದೆ. ನೆಲ ಆಗತಾನೆ ನೀರಿನಿಂದ ಎದ್ದದ್ದು ಅಂದ ಮೇಲೆ ಅಲ್ಲಿ ಮೊದಲು ಯಾರೂ ಇರಲಿಲ್ಲ ಅಂತಾಯ್ತು. ಯಾರೂ ಇರಲಿಲ್ಲ ಅಂದ ಮೇಲೆ ಯಾರಿಂದಲೂ ಕಸಕೊಂಡಂತೆಯೂ ಆಗಲಿಲ್ಲ. ಕೊಟ್ಟವನು ದೇವರು, ತಗೊಂಡವನು ಭೂದೇವ. ನಡುವೆ ಗದ್ದೆ ಹದ ಮಾಡಿದವನಿಗೆ ಕಾಲಿಡಲು ಜಾಗವಿಲ್ಲ.

"ಅದು ಪುರಾಣ, ಚರಿತ್ರೆ ಬ್ಯಾರೆ ಅಲ್ಲೇನ್ರಿ" ಅಂತ ಓದಿದವರು ನಮ್ಮನ್ನು ತಿದ್ದಬಹುದು. ಬೇರೆಯೇ ಇರಬೇಕಿತ್ತು. ಕಳೆದ ನೂರಾ ನಲವತ್ತು ವರ್ಷಗಳಲ್ಲಿ ಕರಾವಳಿಯ ಬಗ್ಗೆ ಬಂದ ಮುಖ್ಯ ಪುಸ್ತಕಗಳನ್ನು, ಇಂಗ್ಲಿಷರ ಗೆಜೆಟಿಯರಿನಿಂದ ಹಿಡಿದು ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನೆಯವರೆಗೆ, ಸಾಲಾಗಿ ಇಟ್ಟು ಓದಿದರೆ ಒಂದು ಮಾತು ಎದ್ದು ಕಾಣುತ್ತದೆ. ಪುರಾಣವನ್ನು ಕೈಬಿಟ್ಟ ಪುಸ್ತಕಗಳೂ ಪುರಾಣದ ಆ ಖಾಲಿ ನೆಲವನ್ನು ಕೈಬಿಟ್ಟಿಲ್ಲ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, 1956ರಲ್ಲಿ ಕೇರಳದ ಪಾಲಾದ ಕಾಸರಗೋಡು, ಈ ಇಡೀ ಪಟ್ಟಿಯ ಚರಿತ್ರೆ ರಾಜ, ಹಡಗು, ಮೆಣಸು, ದೇವಸ್ಥಾನ, ಕೋಟೆ ಇವುಗಳ ಸುತ್ತ ತಿರುಗುತ್ತದೆ. ಮೊದಲು ನೆಲೆ ನಿಂತವರು ಎಲ್ಲಿದ್ದಾರೆ ಅಂತ ಹುಡುಕಿದರೆ 'ಜಾತಿಗಳು ಮತ್ತು ಆಚಾರಗಳು' ಎಂಬ ಅಧ್ಯಾಯದಲ್ಲಿ ಕೊರಳಿನ ಮಣಿಸರದ ಸಮೇತ ನಿಂತಿರುತ್ತಾರೆ. ಅವರಿಗೆ ಆಚಾರ ಉಂಟು, ಚರಿತ್ರೆ ಇಲ್ಲ. ನಮ್ಮ ತಕರಾರು ಇದರ ಮೇಲೆ.

ಘಟ್ಟದ ಮೇಲೆ ಕೂತವರಿಗೆ ಇದರ ಉಸಾಬರಿ ಯಾಕ ಅಂತೀರಿ? ಹುಬ್ಬಳ್ಳಿ-ಧಾರವಾಡಕ್ಕೂ ಆ ದಂಡೆಗೂ ಹಳೆಯ ಲೆಕ್ಕ ಇದೆ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದಾಗ ಅವರಿಗೆ ಬೇಕಾದದ್ದು ಮೆಣಸು ಮಾತ್ರವಲ್ಲ, ನಮ್ಮ ಕಡೆಯ ಮಗ್ಗದ ಬಟ್ಟೆಯೂ ಬೇಕಿತ್ತು. 1673ರಲ್ಲಿ ಮರಾಠಾ ಪಡೆ ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಇಂಗ್ಲಿಷ್ ಕಂಪನಿಯ ಮಾಲೂ ಹೋಯಿತು. ಪರಿಹಾರ ಕೊಡಿ ಅಂತ ಅವರು ವರ್ಷಗಟ್ಟಲೆ ಬೆನ್ನು ಹತ್ತಿದರು. ಮಗ್ಗ ಕಳಕೊಂಡ ನೇಕಾರರು ಯಾರ ಬೆನ್ನು ಹತ್ತಿದರೋ, ಅದು ಆ ಕಾಗದಗಳಲ್ಲಿ ಇಲ್ಲ. ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತಿತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ ಹತ್ತಿ' ಅಂತಲೇ ಹೆಸರು. ಬೆಳೆದವನ ಊರಿನ ಹೆಸರಲ್ಲ, ಹಡಗು ಬಿಟ್ಟ ಊರಿನ ಹೆಸರು! ಕಲಘಟಗಿಯ ಕಾಡಂಚಿನಲ್ಲಿ ಇರುವ ಸಿದ್ದಿಗಳು ಎಲ್ಲಿಂದ ಬಂದರು ಅಂತ ಕೇಳಿದರೆ ಉತ್ತರ ಮತ್ತೆ ಆ ಕಡಲಿಗೇ ಹೋಗುತ್ತದೆ. ಕೊನೆಯದಾಗಿ, ದಕ್ಷಿಣ ಕನ್ನಡದ ಪ್ರಾಚೀನ ಚರಿತ್ರೆಯ ಬಗ್ಗೆ ಕೆ.ವಿ. ರಮೇಶ್ ಬರೆದ ಇಂಗ್ಲಿಷ್ ಗ್ರಂಥವನ್ನು 1970ರಲ್ಲಿ ಪ್ರಕಟಿಸಿದ್ದು ನಮ್ಮ ಕರ್ನಾಟಕ ವಿಶ್ವವಿದ್ಯಾಲಯವೇ.

ಮೊದಲ ನೆಲೆಯ ಮಾತಿನಿಂದ ಸುರು ಮಾಡೋಣ. ತುಳುನಾಡಿನಲ್ಲಿ 'ಗ್ರಾಮಪದ್ಧತಿ' ಎಂಬ ಬರಹಗಳಿವೆ. ಕದಂಬ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಮೂವತ್ತೆರಡು ಗ್ರಾಮಗಳಲ್ಲಿ ಕೂರಿಸಿದ ಅಂತ ಅವು ಹೇಳುತ್ತವೆ. ಇದು ಐತಿಹ್ಯ ಅಂತ ಗಂಭೀರ ವಿದ್ವಾಂಸರು ಒಪ್ಪುತ್ತಾರೆ. ಆದರೂ ಸ್ಥಳಪುರಾಣದ ಕಿರುಹೊತ್ತಿಗೆಯಿಂದ ಸನ್ಮಾನ ಸಮಾರಂಭದ ಭಾಷಣದವರೆಗೆ ಇದೇ ಕರಾವಳಿಯ ನಾಗರಿಕತೆಯ ಮೊದಲ ದಿನ. ಇದೇ ಗಂಟಿನೊಳಗೆ ಇನ್ನೊಂದು ಐತಿಹ್ಯವೂ ಇದೆ. ಹುಬಾಶಿಕ ಎಂಬವನು ಕೊರಗ ಮೊದಲಾದ ತನ್ನ ಜನರ ಪಡೆ ಕಟ್ಟಿಕೊಂಡು ಬಂದು ಆಳುವ ಮನೆತನವನ್ನು ಮಂಗಳೂರಿನಿಂದ ಓಡಿಸಿದ, ಕೆಲಕಾಲ ನಾಡನ್ನು ಆಳಿದ. ಬಳಿಕ ಮದುವೆಯ ನೆಪ ಮಾಡಿ ಮೋಸದಿಂದ ಅವನ ಕಡೆಯವರನ್ನು ಕೊಂದರು; ಉಳಿದವರನ್ನು ಕಾಡಿಗೆ ಅಟ್ಟಿದರು, ಸಿಕ್ಕವರನ್ನು ಗದ್ದೆಯ ಆಳು ಮಾಡಿದರು. ಹೇಳುವವರು ಬದಲಾದಂತೆ ಹೆಸರು, ಕಾಲ, ವಿವರ ಬದಲಾಗುತ್ತವೆ. ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಕೊರಗರ ಕೆಳಗೆ ಇದನ್ನು ಓದಬಹುದು.

ಹುಬಾಶಿಕನ ಕಥೆ ಹೇಳಿದ ಹಾಗೇ ನಡೆಯಿತು ಅಂತ ನಾವು ವಾದಿಸುತ್ತಿಲ್ಲ. ನಮ್ಮ ಪ್ರಶ್ನೆ ಸರಳ ಇದೆ. ಒಂದೇ ಗಂಟಿನ ಎರಡು ಐತಿಹ್ಯಗಳಲ್ಲಿ ಒಂದು ಇತಿಹಾಸದ ಮೊದಲ ಪುಟಕ್ಕೆ ಹೋದದ್ದು, ಇನ್ನೊಂದು ಜಾತಿ ಕೋಶದ 'ಕ' ಅಕ್ಷರದ ಕೆಳಗೆ ಬಿದ್ದದ್ದು ಯಾವ ನ್ಯಾಯದಿಂದ? ಎರಡಕ್ಕೂ ಶಾಸನದ ಆಧಾರ ಅಷ್ಟಕ್ಕಷ್ಟೆ. ಎರಡರಲ್ಲೂ ಒಂದು ಕಾಲದ ಜಗಳದ ನೆನಪು ಇರಬಹುದು. ಬಂದವರ ನೆನಪಿಗೆ 'ಪರಂಪರೆ' ಅಂತ ಹೆಸರು, ಸೋತವರ ನೆನಪಿಗೆ 'ಕಟ್ಟುಕಥೆ' ಅಂತ ಹೆಸರು. ಹಾಗಂತ ಸೋಲಿನ ಗುರುತು ಬರೀ ಕಥೆಯಲ್ಲಿ ಉಳಿದಿಲ್ಲ. ಮೇಲ್ಜಾತಿಯವರ ರೋಗ, ಕಂಟಕ ದಾಟಿಸಲು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ 'ಅಜಲು' ಪದ್ಧತಿ ನಿಷೇಧಿಸಲು 2000ದಲ್ಲಿ ಕರ್ನಾಟಕ ಸರಕಾರ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಇಸವಿ ಗಮನಿಸಿ: 2000.

ಶಾಸನಗಳ ಕಡೆ ಬರೋಣ. ರಮೇಶ್ ದೊಡ್ಡ ಶಾಸನತಜ್ಞರು. ಪಾದೂರು ಗುರುರಾಜ ಭಟ್ಟರು ತುಳುನಾಡಿನ ಊರೂರು ತಿರುಗಿ ವಿಗ್ರಹ, ಶಾಸನ, ಗುಡಿ ಒಂದೊಂದನ್ನೂ ಕಂಡು 1975ರಲ್ಲಿ ಅಷ್ಟು ದಪ್ಪ ಗ್ರಂಥ ಕೊಟ್ಟರು. ಅದಕ್ಕೂ ಮುಂಚೆ 1923ರಲ್ಲಿ ಗಣಪತಿರಾವ್ ಐಗಳ್ ಕನ್ನಡದಲ್ಲೇ ದಕ್ಷಿಣ ಕನ್ನಡದ ಪ್ರಾಚೀನ ಇತಿಹಾಸ ಬರೆದರು. 1936ರಲ್ಲಿ ಭಾಸ್ಕರ ಆನಂದ ಸಾಲೆತ್ತೂರರು ತುಳುವ ಚರಿತ್ರೆ ಬರೆದರು. ಇವರ ದುಡಿಮೆ ಇಲ್ಲದಿದ್ದರೆ ಆಳುಪರ ಹೆಸರೂ ನಮಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಕ್ರಿ.ಶ. 968ರದೆಂದು ಓದಲಾದ ಶಾಸನ ಇದೆ, ಅದರಲ್ಲಿ 'ವಿಹಾರ' ಎಂಬ ಮಾತಿದೆ, ಹಾಗಾಗಿ ಇವತ್ತು ಮಂಜುನಾಥನ ಗುಡಿ ಇರುವಲ್ಲಿ ಒಂದು ಕಾಲಕ್ಕೆ ಬೌದ್ಧರಿದ್ದರು ಎಂಬುದು ತಿಳಿದದ್ದೂ ಇಂಥವರ ಓದಿನಿಂದಲೇ. ಆದರೆ ಶಾಸನ ಅಂದರೆ ಏನು? ಬಹುಪಾಲು ದಾನದ ಕಾಗದ, ಕಲ್ಲಿನ ಮೇಲೆ ಕೊರೆದದ್ದು. ಕೊಟ್ಟವನ ಬಿರುದು, ಪಡೆದವನ ಗೋತ್ರ, ಗದ್ದೆಯ ನಾಲ್ಕು ಗಡಿ, ತಪ್ಪಿದವನಿಗೆ ನರಕ. ಗದ್ದೆಯ ಒಳಗೆ ಬಗ್ಗಿ ನಿಂತವನ ಸುದ್ದಿ ಹೇಳುವುದು ಅದರ ಉದ್ದೇಶವೇ ಅಲ್ಲ. ದಾನದ ಕಾಗದವನ್ನು ಇಡೀ ಸಮಾಜದ ಚರಿತ್ರೆ ಅಂತ ಓದಿದರೆ ದಾನ ಪಡೆದವರೇ ಸಮಾಜ ಆಗುತ್ತಾರೆ. ಇದು ವಿದ್ವಾಂಸರ ಅಪ್ರಾಮಾಣಿಕತೆ ಅಲ್ಲ. ಅವರು ನಂಬಿದ ಸಾಕ್ಷಿಯ ಪಕ್ಷಪಾತ ಅವರ ಬರಹದೊಳಗೆ ಇಳಿದದ್ದು.

ಬೇರೆ ಸಾಕ್ಷಿ ಇಲ್ಲವೇ? ಇದೆ, ಕಣ್ಣೆದುರಿಗೇ ಇದೆ. ಕುಮಟೆಯ ಹತ್ತಿರ ಅಘನಾಶಿನಿ ಕಡಲು ಸೇರುವಲ್ಲಿ ಗಜನಿ ಭೂಮಿ ಇದೆ. ಭರತದ ಉಪ್ಪುನೀರು ದಿನಕ್ಕೆರಡು ಸಲ ನುಗ್ಗುವ ಕೆಸರು ಬಯಲು ಅದು. ಮಣ್ಣಿನ ಕಟ್ಟೆ ಹಾಕಿ, ನೀರು ಬಿಡಲು ತಡೆಯಲು ಹಲಗೆ ಬಾಗಿಲು ಇಟ್ಟು, ಮಳೆಗಾಲದ ಸಿಹಿನೀರಿನಿಂದ ಉಪ್ಪು ತೊಳೆದು ಅಲ್ಲಿ 'ಕಗ್ಗ' ಎಂಬ ಭತ್ತ ಬೆಳೆಯುತ್ತಾರೆ. ಎತ್ತರಕ್ಕೆ ಬೆಳೆಯುವ ಭತ್ತ, ಸವುಳು ನೀರು ನಿಂತರೂ ಸಾಯುವುದಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಕಡಲ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಕಟ್ಟೆ ಒಂದು ಕಡೆ ಒಡೆದರೆ ಇಡೀ ಬಯಲು ಉಪ್ಪು, ಹಾಗಾಗಿ ಒಬ್ಬನ ಗದ್ದೆ ಅಂತ ಇಲ್ಲ, ಎಲ್ಲರೂ ಕೂಡಿಯೇ ಕಾಯಬೇಕು. ಇಂಥ ಭತ್ತದ ತಳಿಯನ್ನು ಆರಿಸಿ ಉಳಿಸಿದ, ಇಂಥ ಕಟ್ಟೆಯ ಲೆಕ್ಕವನ್ನು ಚಂದ್ರನ ಏರಿಳಿತಕ್ಕೆ ಹೊಂದಿಸಿದ ಬುದ್ಧಿ ಒಂದೆರಡು ತಲೆಮಾರಿನದಲ್ಲ. ಹಾಲಕ್ಕಿ ಒಕ್ಕಲಿಗರು, ಪಟಗಾರರು, ಅಂಬಿಗರು, ಮುಕ್ರಿಗಳು, ಆಗೇರರು ಇದನ್ನು ಮಾಡಿದವರು. ಯಾವ ರಾಜನೂ ಇದಕ್ಕೆ ಶಾಸನ ಹಾಕಿಸಲಿಲ್ಲ. ಕೋಟೆಯ ಗೋಡೆ ಚರಿತ್ರೆ ಆಗುವುದಾದರೆ ಗಜನಿಯ ಕಟ್ಟೆ ಯಾಕೆ ಆಗಬಾರದು? ಮಿರ್ಜಾನ ಕೋಟೆಯ ಬಗ್ಗೆ ಬರೆದ ಕಾಗದದ ಹತ್ತರಲ್ಲಿ ಒಂದು ಪಾಲು ಅದರ ಪಕ್ಕದ ಹೊಳೆಯಂಚಿನ ಕಟ್ಟೆಗಳ ಬಗ್ಗೆ ಬರೆದಿದ್ದರೆ ನಮಗೆ ಎಷ್ಟೋ ತಿಳಿಯುತ್ತಿತ್ತು.

ಹಾಲಕ್ಕಿಗಳ ಊರು 'ಕೊಪ್ಪ'. ಕೊಪ್ಪಗಳು ಸೇರಿ ಸೀಮೆ. ಪ್ರತಿ ಕೊಪ್ಪಕ್ಕೆ ಗೌಡ, ಅವನಿಗೆ ನೆರವಿಗೆ ಬುದವಂತ, ಕೋಲಕಾರ. ನ್ಯಾಯ, ದಂಡ, ಮದುವೆ, ಕೂಟ ಎಲ್ಲ ಅವರೊಳಗೇ. ಇದನ್ನು ಗೆಜೆಟಿಯರೂ ಬರೆದಿದೆ, ನಮ್ಮ ಜಾನಪದದವರೂ ಬರೆದಿದ್ದಾರೆ. ಆದರೆ 'ಆಡಳಿತ' ಎಂಬ ಅಧ್ಯಾಯದಲ್ಲಿ ಅಲ್ಲ. ಆಡಳಿತದ ಅಧ್ಯಾಯದಲ್ಲಿ ಮಂಡಲೇಶ್ವರ, ದಂಡನಾಯಕ ಇರುತ್ತಾರೆ. ಎಲ್.ಆರ್. ಹೆಗಡೆ, ಎನ್.ಆರ್. ನಾಯಕ, ಶಾಂತಿ ನಾಯಕ ಇವರೆಲ್ಲ ಉತ್ತರ ಕನ್ನಡದ ಹಾಡು-ಕಥೆಗಳನ್ನು ರಾಶಿ ರಾಶಿ ಕಲೆಹಾಕಿದರು. ಅದು ಜಾನಪದ ವಿಭಾಗದ ಕಪಾಟಿಗೆ ಹೋಯಿತು. ಇತಿಹಾಸ ವಿಭಾಗ ಪಕ್ಕದ ಕೋಣೆ, ನಡುವೆ ಬಾಗಿಲು ಇಲ್ಲ. ತುಳುನಾಡಿನಲ್ಲೂ ಇದೇ ಹಣೆಬರಹ. ಬಾವಿಯೊಳಗೆ ಹಾಕಿ ಮುಚ್ಚಿದ ಕೋಡ್ದಬ್ಬುವನ್ನು ತನ್ನಿಮಾನಿಗ ಬಿಡಿಸಿಕೊಂಡ ಪಾಡ್ದನ ದಲಿತರ ಬಾಯಲ್ಲಿ ಇವತ್ತಿಗೂ ಇದೆ. ದುಡಿಸಿ, ಕೆಲಸ ಮುಗಿದ ಮೇಲೆ ಬಾವಿಯಲ್ಲೇ ಮುಚ್ಚಿದ್ದು ಒಂದು ಸಮಾಜದ ದಾಖಲೆ ಅಲ್ಲವೇನು? ಅದನ್ನು 'ಭೂತಾರಾಧನೆ' ಅಂತ ಹೆಸರಿಟ್ಟು ಬಣ್ಣ, ಅಣಿ, ಕುಣಿತದ ವರ್ಣನೆ ಮಾಡಿದರೆ ಬಾವಿ ಮುಚ್ಚಿದವರು ಯಾರು ಎಂಬುದು ತಪ್ಪಿಹೋಗುತ್ತದೆ.

ಬಂದರುಗಳ ಕಾಲಕ್ಕೆ ಬಂದರೆ ಪುಸ್ತಕಗಳಿಗೆ ಹುರುಪು ಬರುತ್ತದೆ. ಬರಲೂ ಬೇಕು, ಕಥೆ ಅಷ್ಟು ದೊಡ್ಡದು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದ. ಭಟ್ಕಳದಲ್ಲಿ ಇಳಿದ ಅರಬ್ಬೀ ಕುದುರೆಗಳು ವಿಜಯನಗರಕ್ಕೆ ಹೋದವು. 1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಹತ್ತಿರದ ಅಂಜದೀವ ದ್ವೀಪಕ್ಕೆ ಬಂದ. 1505ರಲ್ಲಿ ಪೋರ್ಚುಗೀಜರು ಅಲ್ಲಿ ಕೋಟೆ ಕಟ್ಟಿದರು. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಗೋವೆ ಹಿಡಿದರು. ಗೇರುಸೊಪ್ಪೆಯ ಚೆನ್ನಭೈರಾದೇವಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದಳು, ಪೋರ್ಚುಗೀಜರು ಅವಳನ್ನು 'ಮೆಣಸಿನ ರಾಣಿ' ಅಂದರು. ಉಳ್ಳಾಲದ ಅಬ್ಬಕ್ಕ ಅವರ ವಿರುದ್ಧ ನಿಂತಳು. ಇವೆಲ್ಲ ಹೇಳತಕ್ಕ ಮಾತುಗಳೇ.

ಮೆಣಸಿನ ರಾಣಿ ಸರಿ. ಮೆಣಸು ಕೊಯ್ದವರು? ಪೋರ್ಚುಗೀಜರಿಗೆ ಈ ದಂಡೆಯಿಂದ ಮೆಣಸಿಗಿಂತ ತುರ್ತಾಗಿ ಬೇಕಾದದ್ದು ಅಕ್ಕಿ. ಗೋವೆಯ ಹೊಟ್ಟೆ ತುಂಬಿದ್ದು ಬಸರೂರು, ಬಾರಕೂರು, ಮಂಗಳೂರು ಕಡೆಯ ಅಕ್ಕಿಯಿಂದ. ಕಪ್ಪವನ್ನೂ ಅಕ್ಕಿಯ ಮುಡಿಗಳಲ್ಲೇ ಎಣಿಸಿ ತಗೊಂಡರು. ಹಡಗಿಗೆ ಪೋರ್ಚುಗೀಜರ ರಹದಾರಿ ಚೀಟಿ ಇಲ್ಲದಿದ್ದರೆ ಮಾಲು ಜಪ್ತಿ. ಈ ವ್ಯಾಪಾರದ ಲೆಕ್ಕವನ್ನು ಇವತ್ತಿನ ಸಂಶೋಧಕರು ಬಹಳ ಶ್ರದ್ಧೆಯಿಂದ ಮಾಡಿದ್ದಾರೆ. ಆ ಅಕ್ಕಿ ಯಾರ ಬೆವರು ಎಂಬ ಪ್ರಶ್ನೆಗೆ ಬಂದರೆ 'ಕೃಷಿಕರು' ಎಂಬ ಒಂದು ಶಬ್ದ. ಕೃಷಿಕ ಅಂದರೆ ಯಾರು, ಗದ್ದೆಯ ಒಡೆಯನೋ, ಮೂಲಗೇಣಿಯವನೋ, ಚಾಲಗೇಣಿಯವನೋ, ಅವನ ಕೆಳಗಿನ 'ಮೂಲದ ಹೊಲೆಯ'ನೋ? ಈ ನಾಲ್ಕು ಮೆಟ್ಟಿಲನ್ನು ಒಂದೇ ಶಬ್ದದೊಳಗೆ ತುರುಕಿದರೆ ಕೆಳಗಿನವನು ಉಸಿರು ಕಟ್ಟಿ ಸಾಯುತ್ತಾನೆ. ಅದೇ ಪೋರ್ಚುಗೀಜ್ ಹಡಗುಗಳು ಪೂರ್ವ ಆಫ್ರಿಕದಿಂದ ಮನುಷ್ಯರನ್ನು ತಂದು ಗೋವೆಯಲ್ಲಿ ಮಾರಿದವು. ಆ ಗುಲಾಮಗಿರಿ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ಮಕ್ಕಳು ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡದ ಸಿದ್ದಿಗಳು. ಅವರಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕನರಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿ ಭೂಮಿ ಬಹಳ ಹಿಂದಿನಿಂದ ಖಾಸಗಿ ಒಡೆತನದ್ದು, ಮಾರುತ್ತಾರೆ, ಅಡವಿಡುತ್ತಾರೆ ಅಂತ ಅವನು 1800ರಲ್ಲಿ ಮದರಾಸಿಗೆ ವರದಿ ಮಾಡಿದ. ಈ ಮಾತನ್ನು ನಮ್ಮ ಇತಿಹಾಸಕಾರರು ಅಭಿಮಾನದಿಂದ ಎತ್ತಿ ಹೇಳುತ್ತಾರೆ: ನೋಡಿ, ನಮ್ಮಲ್ಲಿ ಆಸ್ತಿಯ ಹಕ್ಕು ಎಷ್ಟು ಹಳೆಯದು! ಆದರೆ ಅದೇ ಕನರಾದಲ್ಲಿ ಮಾರಾಟಕ್ಕೆ, ಅಡವಿಗೆ ಇದ್ದದ್ದು ಭೂಮಿ ಒಂದೇ ಅಲ್ಲ, ಆಳುಗಳೂ ಇದ್ದರು. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಗದ್ದೆಯ ಗುಲಾಮರ ಬಗ್ಗೆ, ಅವರಿಗೆ ಅಳೆದು ಕೊಡುವ ದಿನದ ಅಕ್ಕಿಯ ಬಗ್ಗೆ, ವರ್ಷದ ಬಟ್ಟೆಯ ಬಗ್ಗೆ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. 1819ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡು ಮಲಬಾರ, ಕನರಾದ ಗುಲಾಮಗಿರಿಯ ವಿಚಾರಣೆ ಮಾಡಿತು. ಮಾಡಿ ಏನು ಮಾಡಿತು? ಕಂದಾಯಕ್ಕೆ ತೊಂದರೆ ಆದೀತು ಅಂತ ಕಡತ ಮುಚ್ಚಿತು ಅನ್ನಬೇಕು, ಯಾಕಂದರೆ ಕೋರ್ಟು ಗುಲಾಮರ ಮೇಲಿನ ಒಡೆತನವನ್ನು ಮಾನ್ಯ ಮಾಡಬಾರದು ಎಂಬ ಕಾಯ್ದೆ ಬರಲು 1843 ಬೇಕಾಯಿತು, ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಎಂಬ ದಂಡಸಂಹಿತೆ ಜಾರಿಗೆ ಬರಲು 1862 ಬೇಕಾಯಿತು. ಕಾಯ್ದೆ ಬಂದ ಮೇಲೂ ಸಾಲದ ಚೀಟಿಯ ಹೆಸರಿನಲ್ಲಿ ಆಳು ಆಳಾಗಿಯೇ ಉಳಿದ. ಶಿವರಾಮ ಕಾರಂತರು ಚೋಮನಿಗೆ ತುಂಡು ಭೂಮಿಯ ಆಸೆ ಹುಟ್ಟಿಸಿ ಬರೆದದ್ದು 1933ರಲ್ಲಿ. ಆಗಲೂ ಆ ಆಸೆ ದುರಾಸೆಯಾಗಿಯೇ ಇತ್ತು.

ಬ್ರಿಟಿಷರ ವಿರುದ್ಧದ ಬಂಡಾಯಗಳನ್ನೂ ಇದೇ ಕಣ್ಣಿನಿಂದ ನೋಡಬೇಕು ಅಂತ ನಾವು ಹೇಳುತ್ತೇವೆ. 1830-31ರಲ್ಲಿ ಕನರಾದ ರೈತರು ಕೂಟ ಕಟ್ಟಿ ಕಂದಾಯ ಕೊಡುವುದನ್ನು ನಿಲ್ಲಿಸಿದರು. 1837ರಲ್ಲಿ ಸುಳ್ಯದ ಕಡೆಯಿಂದ ಎದ್ದವರು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು. ಕಂಪನಿ ಅವರನ್ನು ಗಲ್ಲಿಗೆ ಹಾಕಿತು. ಇವು ದೊಡ್ಡ ಹೋರಾಟಗಳು, 1857ಕ್ಕಿಂತ ಎಷ್ಟೋ ಮುಂಚಿನವು, ಉತ್ತರದವರ ಪುಸ್ತಕದಲ್ಲಿ ಇಲ್ಲ ಎಂಬ ಸಿಟ್ಟು ನ್ಯಾಯವಾದದ್ದು. ಆದರೆ ಕಂದಾಯ ಇಳಿದರೆ ಗೇಣಿ ಇಳಿಯಿತೇ, ಗೇಣಿ ಇಳಿದರೆ ಆಳಿನ ಅಕ್ಕಿ ಒಂದು ಹಿಡಿ ಹೆಚ್ಚಾಯಿತೇ? ದೇಶಭಕ್ತಿಯ ಚರಿತ್ರೆ ಈ ಪ್ರಶ್ನೆ ಕೇಳಲು ಒಲ್ಲೆ ಅನ್ನುತ್ತದೆ.

1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ದಕ್ಷಿಣದ್ದು ಮದರಾಸಿನಲ್ಲೇ ಉಳಿಯಿತು. ಒಂದೇ ದಂಡೆಯ ಜನ ಎರಡು ಪ್ರಾಂತವಾದರು. ಕಾರಣ ಭಾಷೆಯೂ ಅಲ್ಲ, ಜನರೂ ಅಲ್ಲ. ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗೆ ಹತ್ತಿ ಕಡಿಮೆ ಬಿತ್ತು. ಧಾರವಾಡದ ಹತ್ತಿ ಬೇಗ ಕಡಲಿಗೆ ಇಳಿಯಬೇಕಿತ್ತು. ಕಾರವಾರವನ್ನು ಅದಕ್ಕೆ ಬಂದರು ಮಾಡಬೇಕಿತ್ತು. ಜಿಲ್ಲೆಯ ಕಚೇರಿ ಹೊನ್ನಾವರದಿಂದ ಕಾರವಾರಕ್ಕೆ ಹೋಯಿತು, ಘಟ್ಟದಲ್ಲಿ ರಸ್ತೆ ಕಡಿದರು. ಕಾರವಾರಕ್ಕೆ ರೈಲು ಹಾಕುವ ಮಾತೂ ಆಯಿತು, ಆದರೆ 1880ರ ದಶಕದಲ್ಲಿ ಹಳಿ ಹೋದದ್ದು ಗೋವೆಯ ಮರ್ಮಗೋವಾಕ್ಕೆ. ಹುಬ್ಬಳ್ಳಿ-ಅಂಕೋಲಾ ರೈಲು ಇವತ್ತಿಗೂ ಕಡಲು ಮುಟ್ಟಿಲ್ಲ. ಚುನಾವಣೆ ಬಂದಾಗ ಮಾತ್ರ ಒಂದು ಸ್ಟೇಷನ್ ಮುಂದೆ ಹೋಗುತ್ತದೆ.

ಈ ಹೊಸ ಮಾಲೀಕರು ತಮ್ಮ ಆಸ್ತಿಯ ಪಟ್ಟಿ ಮಾಡಿದ್ದೇ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಕನರಾ ಸಂಪುಟ, ಎರಡು ಭಾಗ, 1883. (ರವೀಂದ್ರನಾಥ ಠಾಕೂರರು ಕಾರವಾರದ ಅಣ್ಣನ ಮನೆಯಲ್ಲಿ ಬಂದು ಇದ್ದದ್ದೂ ಹೆಚ್ಚುಕಡಿಮೆ ಅದೇ ಕಾಲ. ಅದು ಎಲ್ಲರಿಗೂ ಗೊತ್ತು, ಬೀಚಿಗೇ ಹೆಸರಿಟ್ಟಿದ್ದಾರೆ.) ಗೆಜೆಟಿಯರ್ ಅದ್ಭುತ ಪುಸ್ತಕ, ಅದಿಲ್ಲದೆ ನಮ್ಮಂಥವರು ಒಂದು ಹೆಜ್ಜೆ ಇಡಲಾರೆವು. ಆದರೆ ಅದರ ಜನರ ಅಧ್ಯಾಯದ ಕ್ರಮ ನೋಡಿ. ಬ್ರಾಹ್ಮಣರಿಂದ ಸುರುವಾಗಿ ವ್ಯಾಪಾರಿ, ಒಕ್ಕಲಿಗ, ಕಸುಬಿನವರು ಅಂತ ಒಂದೊಂದೇ ಮೆಟ್ಟಿಲು ಇಳಿದು ತಳಕ್ಕೆ ಬರುತ್ತದೆ. ಮನುಸ್ಮೃತಿಯ ಮೆಟ್ಟಿಲಿಗೆ ಸರಕಾರಿ ಮುದ್ರೆ ಬಿತ್ತು. ಮಾಹಿತಿ ಕೊಟ್ಟವರು ಯಾರು, ಬರೆದುಕೊಂಡ ಗುಮಾಸ್ತರು ಯಾವ ಕೇರಿಯವರು ಅಂತ ಊಹಿಸುವುದು ಕಷ್ಟವಲ್ಲ. ಸ್ವಾತಂತ್ರ್ಯ ಬಂದ ಮೇಲೆ ಬಂದ ಜಿಲ್ಲಾ ಪುಸ್ತಕಗಳು ಇಂಗ್ಲಿಷರನ್ನು ಬೈದವು, ಅವರ ಕ್ರಮವನ್ನು ಮಾತ್ರ ಹಾಗೇ ಇಟ್ಟುಕೊಂಡವು.

ಪಟ್ಟಿಯ ಜೊತೆಗೆ ಬಂದದ್ದು ಕಾಡಿನ ಗಡಿ. ಕುಮರಿ ಅಂದರೆ ಕಾಡಿನ ತುಂಡನ್ನು ಕಡಿದು ಸುಟ್ಟು ರಾಗಿ ಬಿತ್ತಿ, ಒಂದೆರಡು ಬೆಳೆ ತೆಗೆದು, ಕಾಡು ಮತ್ತೆ ಬೆಳೆಯಲಿ ಅಂತ ಬಿಟ್ಟು ಮುಂದೆ ಹೋಗುವ ಬೇಸಾಯ. ಕುಣಬಿಗಳು, ಕುಮರಿ ಮರಾಠಿಗಳು, ಸಿದ್ದಿಗಳು ಇದನ್ನು ನಂಬಿದ್ದವರು. 1840ರ ದಶಕದ ಕೊನೆಯಿಂದ ಸರಕಾರ ಇದನ್ನು ಹಂತಹಂತವಾಗಿ ಹತ್ತಿಕ್ಕಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿನೊಳಗಿನ ಮನುಷ್ಯ ಅತಿಕ್ರಮಣದಾರನಾದ. ಕಾಡು ನಾಶ ಮಾಡುತ್ತಾರೆ ಅಂತ ಆರೋಪ. ತೇಗ ಕಡಿದು ಹಡಗಿಗೆ, ರೈಲಿನ ಹಳಿಗೆ ಸಾಗಿಸಿದವರು ಆರೋಪ ಮಾಡಿದವರು! ಅದೇ ಹೊತ್ತಿನಲ್ಲಿ ಅಡಿಕೆ ತೋಟದವರಿಗೆ ತೋಟದ ಎಕರೆಗೆ ಇಷ್ಟು ಎಕರೆ ಅಂತ ಸೊಪ್ಪಿನ ಬೆಟ್ಟದ ಸವಲತ್ತು ಕಾಗದದ ಮೇಲೆ ಸಿಕ್ಕಿತು. ಅವರೂ ಅದಕ್ಕಾಗಿ ಅರ್ಜಿ ಹಾಕಿ, ಸಭೆ ಮಾಡಿ ಜಗಳಾಡಿಯೇ ಪಡೆದರು, ಅದನ್ನು ಅಲ್ಲಗಳೆಯುವುದಿಲ್ಲ. ಅರ್ಜಿ ಬರೆಯಲು ಬಂದವರಿಗೆ ಕಾಡಿನ ಸೊಪ್ಪು ಹಕ್ಕಾಯಿತು, ಬರೆಯಲು ಬಾರದವರಿಗೆ ಕಾಡಿನ ರಾಗಿ ಅಪರಾಧವಾಯಿತು.

ಉಪ್ಪಿನ ಕಥೆ ಇನ್ನೂ ವಿಚಿತ್ರ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇವತ್ತಿಗೂ ಉಪ್ಪಿನ ಆಗರಗಳಿವೆ. ಆಗರದಲ್ಲಿ ದುಡಿದವರು ಆಗೇರರು, ಹೆಸರೇ ಹೇಳುತ್ತದೆ. ಇವತ್ತು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಮೊದಲು ಕಂಪನಿ, ಆಮೇಲೆ ರಾಣಿಯ ಸರಕಾರ ಉಪ್ಪನ್ನು ತನ್ನ ಮುಷ್ಟಿಗೆ ತಗೊಂಡವು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಸಾವಿರಾರು ಜನರ ಎದುರು ಉಪ್ಪಿನ ಕಾಯ್ದೆ ಮುರಿದರು. ಕರ್ನಾಟಕದ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಮುಂದೆ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆ ನಡೆಯಿತು, ಜಮೀನು ಜಪ್ತಿಯಾದವು, ಹೆಂಗಸರು ಮುಂದೆ ನಿಂತರು. ಈ ತ್ಯಾಗದ ಮುಂದೆ ನಾವು ತಲೆ ಬಾಗುತ್ತೇವೆ. ಆದರೆ ತ್ಯಾಗಿಗಳ ಪಟ್ಟಿ ಮಾಡಿದ್ದು ಹೇಗೆ? ಯಾರ ಜಮೀನು ಜಪ್ತಿಯಾಯಿತು ಅಂತ. ಜಪ್ತಿಯಾಗಲು ಮೊದಲು ಹೆಸರಿನಲ್ಲಿ ಜಮೀನು ಇರಬೇಕಲ್ಲ? ಗೇಣಿಯವನ ಹೆಸರಿನಲ್ಲಿ ಗೇಣುದ್ದ ಇಲ್ಲ, ಆಳಿನ ಹೆಸರಿನಲ್ಲಿ ಮೊದಲೇ ಇಲ್ಲ. ಒಡೆಯನ ಗದ್ದೆ ಪಾಳು ಬಿದ್ದಾಗ ಅದರಲ್ಲಿ ದುಡಿಯುವವನ ಒಲೆಯೂ ಆರಿತು. ಅದನ್ನು ಬರೆಯಲು ಪಟ್ಟಿಯಲ್ಲಿ ಅಂಕಣ ಇರಲಿಲ್ಲ. ಹತ್ತು ವರ್ಷದ ನಂತರ ದಿನಕರ ದೇಸಾಯಿಯವರು ಅಂಕೋಲೆಯ ಗೇಣಿದಾರರನ್ನು ಕಟ್ಟಿಕೊಂಡು ಒಡೆಯರ ವಿರುದ್ಧ ನಿಂತಾಗ, ದೇಶಕ್ಕಾಗಿ ಜೈಲಿಗೆ ಹೋಗಿದ್ದ ಮನೆತನಗಳಲ್ಲೇ ಎಷ್ಟು ಜನಕ್ಕೆ ಅದು ಇಷ್ಟವಾಯಿತು ಎಂಬುದನ್ನು ಆ ಊರಿನವರೇ ಹೇಳಬಲ್ಲರು.

ಮುಂದಿನದನ್ನು ಬೇಗ ಹೇಳುತ್ತೇವೆ. 1974ರ ಭೂಸುಧಾರಣೆಯಿಂದ ಎರಡೂ ಕನ್ನಡ ಜಿಲ್ಲೆಗಳ ಗೇಣಿದಾರರಿಗೆ ಭೂಮಿ ಬಂತು, ಇದು ಸಣ್ಣ ಮಾತಲ್ಲ. ಆದರೆ ಗೇಣಿ ಮಾಡಿದ್ದೇನೆ ಅಂತ ತೋರಿಸಬಲ್ಲವನಿಗೆ ಬಂತು. ಕೂಲಿ ಮಾಡಿದವನಿಗೆ, ಕೊರಗನಿಗೆ ತೋರಿಸಲು ಚೀಟಿ ಎಲ್ಲಿಂದ ಬರಬೇಕು? 1986ರಲ್ಲಿ ಕಾರವಾರದ ಹತ್ತಿರ ನೌಕಾನೆಲೆಗೆ ಅಡಿಗಲ್ಲು ಬಿತ್ತು, ಮೀನುಗಾರರು, ಹಾಲಕ್ಕಿಗಳು ಸೇರಿ ಸಾವಿರಾರು ಕುಟುಂಬ ಎದ್ದವು. 2005ರಲ್ಲಿ ನೆಲೆ ಸುರುವಾದಾಗ ಅದಕ್ಕೆ ಇಟ್ಟ ಹೆಸರು 'ಕದಂಬ'. ನಾವು ಹೇಳುತ್ತಿರುವ ಚರಿತ್ರೆಯ ಬರವಣಿಗೆಯ ಉಪಯೋಗ ಇದು: ಎಬ್ಬಿಸಿದ ಊರಿನ ಜಾಗಕ್ಕೆ ಇಡಲು ಅದು ರಾಜರ ಹೆಸರು ಒದಗಿಸುತ್ತದೆ.

ಇದೆಲ್ಲ ಹಳೆಯ ತಕರಾರು, ಈಗ್ಯಾಕ ಅನ್ನುವವರು 2006ರ ಅರಣ್ಯ ಹಕ್ಕು ಕಾಯ್ದೆ ತೆಗೆದು ಓದಬೇಕು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿದ್ದರೆ ಸಾಕು. ಉಳಿದವರು, 'ಇತರ ಪಾರಂಪರಿಕ ಅರಣ್ಯವಾಸಿಗಳು', ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲಿ ವಾಸವಿದ್ದದ್ದನ್ನು ಸಿದ್ಧಮಾಡಬೇಕು. ಲೆಕ್ಕ ಹಾಕಿ. 1930! ಅಂಕೋಲೆಯಲ್ಲಿ ಉಪ್ಪು ಮಾಡಿದ ವರ್ಷ. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ಗಡಿಯಾಚೆ ಗೋವೆಯಲ್ಲಿ ಕುಣಬಿಗಳು 2003ರಿಂದ ಪಟ್ಟಿಯಲ್ಲಿದ್ದಾರೆ, ಈಚೆ ಜೋಯಿಡಾದಲ್ಲಿ ಇಲ್ಲ. ಒಂದೇ ಜನ, ನಡುವೆ ಪೋರ್ಚುಗೀಜರು ಮತ್ತು ಇಂಗ್ಲಿಷರು ಎಳೆದ ಗೆರೆ. ಹಾಲಕ್ಕಿಗಳ ಸುಕ್ರಿ ಬೊಮ್ಮಗೌಡ ಹಾಡು ಉಳಿಸಿದ್ದಕ್ಕೆ, ಸಾರಾಯಿ ವಿರುದ್ಧ ನಿಂತದ್ದಕ್ಕೆ 2017ರಲ್ಲಿ ಪದ್ಮಶ್ರೀ ಕೊಟ್ಟರು. ಕಾಡಿನ ಸಸಿ ಬೆಳೆಸಿದ ತುಳಸಿ ಗೌಡರಿಗೆ 2020ರ ಪಟ್ಟಿಯಲ್ಲಿ ಕೊಟ್ಟರು. ತುಳಸಿಯವರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪದಕದ ಪಟ್ಟಿಗೆ ಹೋದ ಜನ ಪಂಗಡದ ಪಟ್ಟಿಗೆ ಹೋಗಲಿಲ್ಲ. ಉತ್ತರ ಕನ್ನಡದಲ್ಲಿ ಸಾವಿರಾರು ಅರ್ಜಿಗಳು 'ದಾಖಲೆ ಇಲ್ಲ' ಎಂಬ ಒಂದು ಷರಾ ಹೊತ್ತು ಹಿಂದಕ್ಕೆ ಬಂದಿವೆ. ಯಾರನ್ನು ದಾಖಲೆಯಿಂದ ಹೊರಗಿಟ್ಟು ಚರಿತ್ರೆ ಬರೆದರೋ ಅವರ ಹತ್ತಿರವೇ ಈಗ ದಾಖಲೆ ಕೇಳುತ್ತಿದ್ದಾರೆ.

ಮಜಾ ಏನೆಂದರೆ, ಈ ವಿಷಯದಲ್ಲಿ ಕಾಯ್ದೆ ನಮ್ಮ ಇತಿಹಾಸ ವಿಭಾಗಗಳಿಗಿಂತ ಮುಂದಿದೆ. 2008ರಲ್ಲಿ ಬಂದ ಅದರ ನಿಯಮಗಳಲ್ಲಿ 13ನೆಯದು ಯಾವುದೆಲ್ಲ ಸಾಕ್ಷಿ ಆಗುತ್ತದೆ ಅಂತ ಹೇಳುತ್ತದೆ. ಗೆಜೆಟಿಯರ್ ಆಗುತ್ತದೆ, ಜನಗಣತಿ ಆಗುತ್ತದೆ. ನೆಲ ಸಮ ಮಾಡಿದ್ದು, ಕಟ್ಟೆ ಹಾಕಿದ್ದು ಆಗುತ್ತದೆ. ಹಳೆಯ ಬಾವಿ, ಹೂಳುವ ಜಾಗ, ದೇವರ ಬನ ಆಗುತ್ತದೆ. ಅರ್ಜಿದಾರನಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಆಗುತ್ತದೆ. ಕಚೇರಿಯಲ್ಲಿ ಮಾತ್ರ ಮುದ್ರೆ ಇರುವ ಕಾಗದವೇ ಬೇಕು ಅಂತ ಹಟ ಹಿಡಿಯುತ್ತಾರೆ, ಯಾಕಂದರೆ ಅವರು ಓದಿದ ಚರಿತ್ರೆಯಲ್ಲಿ ಬಾವಿ ಮತ್ತು ಅಜ್ಜಿಯ ಮಾತು ಸಾಕ್ಷಿಯಾಗಿ ಬಂದೇ ಇಲ್ಲ.

ಕುಮಟೆ, ಅಂಕೋಲೆ, ಜೋಯಿಡಾ, ಯಲ್ಲಾಪುರದ ಕಡೆ ಕೆಲಸ ಮಾಡುವ ಮಾಸ್ತರರು, ಅಕ್ಕೋರು ನಮ್ಮ ಓದುಗರಲ್ಲಿ ಇದ್ದಾರೆ. ಆ ಊರುಗಳಿಂದ ಬಂದು ಧಾರವಾಡದ ಹಾಸ್ಟೆಲುಗಳಲ್ಲಿ ಇರುವ ವಿದ್ಯಾರ್ಥಿಗಳೂ ಇದ್ದಾರೆ. ರಜೆಗೆ ಊರಿಗೆ ಹೋದಾಗ ಒಂದು ನೋಟುಬುಕ್ಕು ಹಿಡಿದು ಕೂರಿ. ಕೊಪ್ಪದ ಗೌಡಿಕೆ ಯಾರಿಂದ ಯಾರಿಗೆ ಬಂತು, ಈ ಬಾವಿ ತೋಡಿದ್ದು ಯಾರು, ಅಜ್ಜ ಯಾವ ಒಡೆಯನ ಗದ್ದೆಯಲ್ಲಿದ್ದ, ಕೂಲಿಗೆ ಎಷ್ಟು ಸಿದ್ದೆ ಅಕ್ಕಿ ಕೊಡುತ್ತಿದ್ದರು, ಫಾರೆಸ್ಟಿನವರು ಗುಡಿಸಲು ಕಿತ್ತದ್ದು ಯಾವ ಮಳೆಗಾಲದಲ್ಲಿ, ಸತ್ತವರನ್ನು ಎಲ್ಲಿ ಹೂಳುತ್ತಿದ್ದರು, ಇಷ್ಟು ಕೇಳಿ. ಹೇಳಿದ ಹಾಗೇ ಬರೆದುಕೊಂಡು ಅವರಿಗೆ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ. ಒಂದು ಪ್ರತಿ ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಡಿ, ಒಂದು ಹೇಳಿದವರ ಮನೆಯಲ್ಲಿ ಇರಲಿ, ಮೂರನೆಯದನ್ನು ಅವರು ಒಪ್ಪಿದರೆ ನಮಗೆ ಕಳಿಸಿ. ಹಾಲಕ್ಕಿ ಮಾತಿದ್ದರೆ ಹಾಲಕ್ಕಿ ಮಾತಿನಲ್ಲಿ, ಸಿದ್ದಿಗಳ ಕೊಂಕಣಿ ಇದ್ದರೆ ಕನ್ನಡ ಅಕ್ಷರದಲ್ಲಿ, ವ್ಯಾಕರಣ ತಿದ್ದದೆ ಅಚ್ಚು ಹಾಕುತ್ತೇವೆ.